ಖಡಕ್ ರೊಟ್ಟಿಗೆ ಒಂದೇ ಚುಕ್ಕಿ

೧೭ ನವೆಂಬರ್ ೨೦೨೫, ಸೋಮವಾರ

ಇವತ್ತು ಹೆತ್ತ ಮಗ ನನಗೆ ಗಡುವು ಕೊಟ್ಟ.

"ಅವ್ವಾ, ಗಾಳಾದ ಕರಾರು ಜನವರಿ ಹದಿನೈದಕ್ಕ ಮುಗಿತೈತಿ. ಅಷ್ಟರಾಗ ಗಿರಾಕಿ ಬಂದ್ರ ಚಲೋ. ಬರಲಿಲ್ಲಂದ್ರ ಬಾಗಲಾ ಹಾಕೂಣು. ನಿನಗೂ ಅರವತ್ತೆಂಟಾತು" ಎಂದ ಪ್ರಭುದೇವ.

ಅರವತ್ತೆಂಟಾದದ್ದು ನನಗೆ ಅವನಿಗಿಂತ ಮೊದಲೇ ಗೊತ್ತು. ನನ್ನ ಕೈ ಇನ್ನೂ ರೊಟ್ಟಿ ಬಡಿಯುತ್ತದೆ. ಅದು ನಿಲ್ಲುವವರೆಗೆ ಬಾಗಿಲು ಹಾಕುವ ಮಾತು ಈ ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು.

ಆದರೂ ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಸಿಟ್ಟು ಬಂದದ್ದು ಅದಕ್ಕೇ. ಸ್ಟೇಷನ್ನಿನ ಎದುರಿದ್ದ ಹಳೆಯ ಬಿಲ್ಡಿಂಗನ್ನು ರೀಡೆವಲಪ್‌ಮೆಂಟಿಗೆಂದು ಕೆಡವಿ ಎರಡು ವರ್ಷವಾಯಿತು. ಅಲ್ಲಿಯವರೆಗೆ ಮುಂಬಯಿ ಲೋಕಲ್ ಗಾಡಿಯಿಂದ ಡೋಂಬಿವಲಿಯಲ್ಲಿ ಇಳಿದವರೆಲ್ಲ ‘ವೀರಭದ್ರಪ್ಪ ರೊಟ್ಟಿ ಕೇಂದ್ರ’ದ ಮುಂದೆಯೇ ಹಾದುಹೋಗುತ್ತಿದ್ದರು. ಈಗ ನಾವಿರುವುದು ಹಿಂದಿನ ಗಲ್ಲಿಯ ಬಾಡಿಗೆ ಗಾಳಾದಲ್ಲಿ, ಒಂದು ಗ್ಯಾರೇಜಿನ ಮಗ್ಗುಲ ಸಣ್ಣ ಮಳಿಗೆಯಲ್ಲಿ. ಹಳೆಯ ಜಾಗದಲ್ಲಿ ನೀಲಿ ತಗಡು ನೋಡಿದವರು, ನಮ್ಮ ಯಜಮಾನರ ಜೊತೆಗೇ ಅಂಗಡಿಯೂ ಹೋಯಿತೆಂದು ತಿಳಿದು ಮುಂದೆ ನಡೆಯುತ್ತಾರೆ. ಒಳಗೆ ಮರಗಮ್ಮ ಮತ್ತು ಇನ್ನಿಬ್ಬರು ಹೆಂಗಸರು ಹಂಚಿನ ಮುಂದೆ ಕುಳಿತು ನನ್ನ ಮುಖ ನೋಡುತ್ತಾರೆ.

ಪ್ರಭುವಿನ ಹೆಂಡತಿ ಬಾಗಿಲ ಹತ್ತಿರವೇ ನಿಂತು, "ಆಯಿ, ಆಪಣ್ ಒಂದು ವೆಬ್‌ಸೈಟ್ ಮಾಡೋಣ್ ಕಾ?" ಎಂದಳು. ಕಲ್ಯಾಣದ ಮರಾಠಿ ಮನೆಯ ಹುಡುಗಿ, ಮದುವೆಯಾಗಿ ನಾಲ್ಕು ವರ್ಷ. ಕನ್ನಡ ತಿಳಿಯುತ್ತದೆ. ಮಾತಾಡಲು ಹೊರಟರೆ ಅರ್ಧ ದಾರಿಯಲ್ಲಿ ಮರಾಠಿಗೆ ಇಳಿದುಬಿಡುತ್ತಾಳೆ. ನಮ್ಮ ಖಡಕ್ ರೊಟ್ಟಿಯನ್ನು ಮುಟ್ಟುವುದಿಲ್ಲ. ನಾನೂ ಬಲವಂತ ಮಾಡಿದವಳಲ್ಲ.

೨೨ ನವೆಂಬರ್, ಶನಿವಾರ

ಠಾಣೆಯ ನೌಪಾಡಾಕ್ಕೆ ಹೋಗಿಬಂದೆವು. ವೆಬ್‌ಸೈಟ್ ಮಾಡುವವಳ ಹೆಸರು ಸಂಜನಾ. ಉಡುಪಿ ಕಡೆಯವರು. ಕೆಳಗೆ ಅವಳ ತಂದೆಯ ಹೋಟೆಲು, ಮೇಲೆ ಇವಳ ಕಂಪ್ಯೂಟರುಗಳು. ಇಡ್ಲಿಯ ಹಬೆ ಮೆಟ್ಟಿಲು ಹತ್ತಿ ಬರುತ್ತಿತ್ತು.

"ನೋಡಿ ಆಂಟಿ, ಜನ ಎಂತ ಹುಡುಕ್ತಾರೆ ಅಂತ. ‘ಭಾಕರಿ ನಿಯರ್ ಮೀ.’"

"ಹಂಗಂದ್ರ?"

"ನನ್ನ ಹತ್ತಿರ ಭಾಕರಿ, ಅಂದ್ರೆ ರೊಟ್ಟಿ, ಎಲ್ಲಿ ಸಿಗ್ತದೆ ಅಂತ."

"ಯಾರ ಹತ್ರ?"

"ಹುಡುಕುವವರ ಹತ್ರ."

"ನಾ ಎಲ್ಲಿಗೂ ಹೋಗಿಲ್ಲವಾ. ಇಲ್ಲೇ ಅದೀನಿ. ಹತ್ರ ಬರಬೇಕಾದವರು ಅವರು."

ಹುಡುಗಿ ನಕ್ಕಳು. ನಾನು ನಗಿಸಲು ಹೇಳಿದ್ದಲ್ಲ.

ಮೇಲೆ ದೊಡ್ಡ ಅಕ್ಷರದಲ್ಲಿ ಏನು ಹಾಕಲಿ ಎಂದು ಕೇಳಿದಳು. ನಾನೇ ಹೇಳಿ ಬರೆಸಿದೆ: ‘ಖಡಕ್ ಜೋಳದ ರೊಟ್ಟಿ. ತಿಂಗಳಿಟ್ಟರೂ ಕೆಡುವುದಿಲ್ಲ.’ ಬೈಲಹೊಂಗಲದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನು. ನನ್ನ ವಾಕ್ಯ ತಿದ್ದುವ ಅಗತ್ಯ ಯಾರಿಗೂ ಬೀಳುವುದಿಲ್ಲ.

"ಇದನ್ನು ತಿನ್ನೋದು ಹೇಗೆ ಅಂತ ಒಂದು ಪುಟ ಹಾಕುವನಾ ಆಂಟಿ? ನಮ್ಮ ಕಡೆಯವರಿಗೇ ಗೊತ್ತಿಲ್ಲ ಮಾರಾಯ್ರೆ."

"ಉಣ್ಣೂದು ಕಲಸಾಕ ನಾ ಏನು ಸಾಲಿ ತಗದೀನೇನು? ಬ್ಯಾಡ."

ಬರುವಾಗ ಗಾಡಿಯಲ್ಲಿ ದಿವಾ ದಾಟುತ್ತಲೇ ಪ್ರಭುವಿನ ಹೆಂಡತಿ ನನ್ನ ಭುಜ ಮುಟ್ಟಿ, "ಆಯಿ, ಉಠಾ, ಡೋಂಬಿವಲೀ ಆಲೀ" ಎಂದಳು. ನಲವತ್ತೈದು ವರ್ಷದಿಂದ ಈ ಗಾಡಿಯಲ್ಲಿ ಓಡಾಡುತ್ತಿರುವ ನನಗೆ ಎದ್ದು ನಿಲ್ಲುವುದನ್ನು ಹೇಳಿಕೊಡುತ್ತಾಳೆ.

೩ ಡಿಸೆಂಬರ್, ಬುಧವಾರ

ವೆಬ್‌ಸೈಟ್ ತೆರೆಯಿತು. ನನ್ನ ಫೋಟೊ ಬೇಡವೆಂದೆ. ರೊಟ್ಟಿಯ ಅಟ್ಟಿಯ ಮತ್ತು ಹಳೆಯ ಬೋರ್ಡಿನ ಫೋಟೊ ಇದೆ. ನಾನು ಹೇಳಿದ್ದನ್ನೇ ಸೊಸೆ ಮರಾಠಿಯಲ್ಲೂ ಬರೆದಿದ್ದಾಳೆ. ಅಕ್ಷರ ಅಚ್ಚುಕಟ್ಟು.

ಮೊದಲ ಆರ್ಡರು ಸಾನಪಾಡಾದಿಂದ. ಮಧ್ಯಾಹ್ನದೊಳಗೆ ದಿವಾದಿಂದ ಎರಡು, ಕಲ್ಯಾಣದಿಂದ ಒಂದು.

"ಅಕ್ಕಾರ, ಈ ಮಂದಿ ಎಲ್ಲಿ ಕುಂತು ಕೇಳಾಕತ್ತಾರ?" ಎಂದಳು ಮರಗಮ್ಮ.

"ಫೋನಿನ್ಯಾಗ."

"ಹಂಗಾರ ರೊಟ್ಟಿನೂ ಫೋನಿನ್ಯಾಗs ಬಡದು ಕಳಸ್ರಿ. ನನ್ನ ರಟ್ಟಿ ನೋಯೂದರ ತಪ್ಪತೈತಿ."

ಇಪ್ಪತ್ತೆರಡು ವರ್ಷ ನನ್ನ ಬಳಿ ದುಡಿದವಳು, ಹಾಗೆ ಮಾತಾಡುವ ಹಕ್ಕು ಅವಳಿಗಿದೆ. ಸಂಜೆ ಮೂವರೂ ಹಾಡುತ್ತ ರೊಟ್ಟಿ ಬಡಿದರು. ಎರಡು ವರ್ಷದಿಂದ ಕೇಳಿರಲಿಲ್ಲ.

೯ ಡಿಸೆಂಬರ್, ಮಂಗಳವಾರ

ಅವಮಾನ.

ಉಂಡವರು ಈ ಫೋನಿನಲ್ಲಿ ಚುಕ್ಕಿ ಕೊಡುತ್ತಾರಂತೆ. ಐದು ಕೊಟ್ಟರೆ ಮೆಚ್ಚಿದಂತೆ. ನಮಗೆ ಒಂದೊಂದು. ಸಾನಪಾಡಾದ ಲೀಲಾಧರ ಎಂಬವನು, ರೋಟಿ ಕೇಳಿದರೆ ಪಾಪಡ್ ಕಳಿಸಿದ್ದಾರೆ ಎಂದು ಬರೆದಿದ್ದಾನೆ. ದಿವಾದ ಒಬ್ಬಳು ತನ್ನ ಮಾವನ ಹಲ್ಲು ಅಲ್ಲಾಡಿತೆಂದು ಬರೆದಿದ್ದಾಳೆ. ಇಲ್ಲಿಯವರಿಗೆ ಕಡಕ್ ಎಂದರೆ ಕಡಕ್ ಚಹಾದ ಹಾಗೆ ರುಚಿ ಜೋರಾಗಿರುವುದು, ಆಗತಾನೇ ಇಳಿಸಿದ್ದು. ನಮ್ಮ ಖಡಕ್ ಎಂದರೆ ಹಂಚಿನ ಮೇಲೆ ಒಣಗಿಸಿದ್ದು, ಮುರಿದರೆ ಸದ್ದಾಗುವಂಥದ್ದು. ಈ ರೊಟ್ಟಿ ಗಂಟು ಕಟ್ಟಿಕೊಂಡು ನಮ್ಮ ಜನ ಶ್ರೀಶೈಲದವರೆಗೆ ನಡೆದುಹೋಗಿದ್ದಾರೆ. ಸಾನಪಾಡಾದ ಲೀಲಾಧರನಿಗೆ ಅದು ಪಾಪಡ್.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಫೋನು ಹಿಡಿದು ಓದಿ ಹೇಳುತ್ತಿದ್ದ ಸೊಸೆ ಎಲ್ಲಕ್ಕಿಂತ ಮೇಲಿನದೊಂದನ್ನು ಬಿಟ್ಟು ಎರಡನೆಯದರಿಂದ ಶುರುಮಾಡಿದ್ದು ನನ್ನ ಕಣ್ಣಿಗೆ ಬಿತ್ತು. ಕಸಿದುಕೊಂಡು ನಾನೇ ಓದಿದೆ. ಅದು ನಾಲ್ಕು ವರ್ಷ ಹಿಂದಿನದು. ಯಾರೋ ನಮ್ಮ ಹಳೆಯ ಅಂಗಡಿಯನ್ನು ಎಂದೋ ಫೋನಿನ ನಕ್ಷೆಯಲ್ಲಿ ಸೇರಿಸಿದ್ದರಂತೆ. ಸಂಜನಾ ಅದಕ್ಕೇ ಹೊಸ ವಿಳಾಸ ಕೊಟ್ಟಿದ್ದರಿಂದ ಹಳೆಯ ಬೈಗುಳವೂ ನಮ್ಮ ಬೆನ್ನು ಹತ್ತಿ ಬಂದಿದೆ. ಬರೆದವಳ ಹೆಸರಿಲ್ಲ, ‘ಕಲ್ಯಾಣಚೀ ಮುಲಗೀ’ ಎಂದಷ್ಟೇ ಇದೆ. ಕಲ್ಯಾಣದ ಹುಡುಗಿ.

‘ಭಾಕರೀ ಶಿಳೀ ಹೋತೀ. ದಗಡಾಸಾರಖೀ. ಕೋಣೀ ಕಾಹೀ ಸಾಂಗಿತಲಂ ನಾಹೀ.’

ರೊಟ್ಟಿ ತಂಗಳಾಗಿತ್ತು, ಕಲ್ಲಿನಂತಿತ್ತು, ಯಾರೂ ಏನೂ ಹೇಳಲಿಲ್ಲ. ಹೌದೆಂದು ಕೆಳಗೆ ನಲವತ್ತೊಂದು ಜನ ಒತ್ತಿದ್ದಾರೆ.

ಅಂಗಡಿಗೆ ಬಂದು ರೊಟ್ಟಿ ಒಯ್ದವಳಿಗೆ ಯಾರು ಏನು ಹೇಳಬೇಕಿತ್ತು?

೧೦ ಡಿಸೆಂಬರ್

ಶಿಳೀ. ನನ್ನ ರೊಟ್ಟಿ ಶಿಳೀ.

೧೬ ಡಿಸೆಂಬರ್, ಮಂಗಳವಾರ

ಸಂಜನಾ ಗಾಳಾಕ್ಕೇ ಬಂದಿದ್ದಳು. ಹಳೆಯವೂ ಸೇರಿ ಚುಕ್ಕಿಯ ಸರಾಸರಿ ಎರಡೂವರೆಗೆ ಇಳಿದಿದೆಯಂತೆ. ಹೀಗೇ ಆದರೆ ಯಾರು ಹುಡುಕಿದರೂ ನಮ್ಮ ಹೆಸರು ಕೆಳಗೆ ಕೆಳಗೆ ಹೋಗಿ, ಕೊನೆಗೆ ಕಾಣುವುದೇ ಇಲ್ಲವಂತೆ. ಅಂದರೆ ಅಲ್ಲಿಯೂ ಹಿಂದಿನ ಗಲ್ಲಿ.

"ಆಂಟಿ, ಬೇಸರ ಮಾಡ್ಬೇಡಿ. ಹೆಸರು ಒಂಚೂರು ಬದಲು ಮಾಡುವ. ‘ಜೋವಾರ್ ಕ್ರಿಸ್ಪ್ಸ್.’ ಸಣ್ಣ ಸಣ್ಣ ಗುಂಡು ಮಾಡಿ, ಚಂದದ ಪ್ಯಾಕೆಟ್ಟು. ನವಿ ಮುಂಬಯಿಯವರು ಕಣ್ಣುಮುಚ್ಚಿ ತಗೊಳ್ತಾರೆ."

"ನಿಮ್ಮಪ್ಪಾರು ನೀರುದೋಸಿಗೆ ರೈಸ್ ಪೇಪರ್ ಅಂತ ಬೋರ್ಡು ಹಾಕ್ಯಾರೇನು?"

"ಅಯ್ಯೋ ಇಲ್ಲ! ಹಾಕಿದ್ರೆ ಅಮ್ಮ ಅವರನ್ನೇ ನಾಲ್ಕು ಮಡಿಕೆ ಮಾಡಿ ಪ್ಲೇಟಿಗೆ ಹಾಕ್ತಾರೆ."

"ಮತ್ತ?"

ಅವಳು ಆ ಹೆಸರು ಕೈಬಿಟ್ಟಳು. ಆಮೇಲೆ ಇನ್ನೊಂದು ಉಪಾಯ ತೆಗೆದಳು. ನೆಂಟರಿಂದ, ಗುರುತಿನವರಿಂದ ಐದೈದು ಚುಕ್ಕಿ ಹಾಕಿಸುವುದಂತೆ. ಎಲ್ಲರೂ ಮಾಡುತ್ತಾರಂತೆ. ಉಣ್ಣದವರ ಹೊಗಳಿಕೆ ನನಗೆ ಬೇಡ ಎಂದೆ. ಹೆಸರು ಬದಲಾಗುವುದಿಲ್ಲ, ಆಕಾರ ಬದಲಾಗುವುದಿಲ್ಲ, ಸುಳ್ಳು ಚುಕ್ಕಿಯೂ ಬೇಡ.

"ಹಾಗಾದ್ರೆ ಎಂತ ಮಾಡುದು ಆಂಟಿ?"

"ಬೈದವರಿಗೆ ನಾನs ಉತ್ತರ ಕೊಡತೀನಿ."

ಸೊಸೆ ಅಷ್ಟು ಹೊತ್ತೂ ಪ್ಯಾಕೆಟ್ಟುಗಳಿಗೆ ವಿಳಾಸ ಅಂಟಿಸುತ್ತಿದ್ದಳು. ಈ ಮಾತಿಗೆ ಕೈಯಲ್ಲಿದ್ದ ಚೀಟಿಯನ್ನು ತಲೆಕೆಳಗಾಗಿ ಅಂಟಿಸಿದಳು.

೨೧ ಡಿಸೆಂಬರ್, ಭಾನುವಾರ

ಉತ್ತರ ಕೊಟ್ಟೆ. ಫೋನಿನ ಮುಂದೆ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಖಡಕ್ ರೊಟ್ಟಿ ಎಂದರೆ ‘ಕಡತ ರೊಟ್ಟಿ’ ಎಂದು ಬರೆಯಿತು. ಮೂರು ಸಲ ಗದರಿಸಿದ ಮೇಲೆ ಸರಿಹೋಯಿತು. ಲೀಲಾಧರನಿಗೆ, ‘ಪಾಪಡ್ ಬೇಕಾಗಿದ್ದರೆ ಪಾಪಡ್ ಅಂಗಡಿಗೆ ಹೋಗಬೇಕಿತ್ತು’ ಎಂದೆ. ದಿವಾದವಳಿಗೆ, ‘ನಿಮ್ಮ ಮಾವನ ಹಲ್ಲು ನಾನು ಮಾರಿದ್ದಲ್ಲ’ ಎಂದೆ.

ಸಂಜನಾ ಫೋನು ಮಾಡಿ, "ಆಂಟಿ, ನಿಮ್ಮ ಕಾಲಿಗೆ ಬೀಳ್ತೇನೆ, ಇನ್ನು ಸಾಕು ಮಾಡಿ" ಎಂದಳು.

ಕಲ್ಯಾಣದ ಹುಡುಗಿಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ. ಅವಳಿಗೆ ತೂಗಿ ಬರೆಯಬೇಕು.

೨೯ ಡಿಸೆಂಬರ್, ಸೋಮವಾರ

ವಾರದಲ್ಲಿ ಬಂದದ್ದು ಎರಡು ಆರ್ಡರು. ಗಾಳಾದ ಮಾಲೀಕ ಪ್ರಭುವಿಗೆ ಫೋನು ಮಾಡಿದ್ದ. ಕರಾರು ಮುಂದುವರಿಸುತ್ತೀರೋ, ಇಲ್ಲ ಬೇರೆಯವರಿಗೆ ಕೊಡಲೋ ಎಂದು ಕೇಳಿದನಂತೆ. ಪ್ರಭು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಿಲ್ಲ.

ಮಧ್ಯಾಹ್ನ ಮರಗಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, "ಅಕ್ಕಾರ, ಕಲ್ಯಾಣದಾಗ ಒಬ್ಬರು ಕರದಾರ. ಚಪಾತಿ ಮಷಿನ್ ಮುಂದ ನಿಂದ್ರೂ ಕೆಲಸ. ಹೋಗ್ಲ್ಯಾ?" ಎಂದಳು.

"ಹೋಗು" ಎಂದೆ.

ಅವಳು ಹೋಗಲಿಲ್ಲ. ಹಂಚಿನ ಮುಂದೆ ಕುಳಿತು ಎಂದಿಗಿಂತ ಜೋರಾಗಿ ಬಡಿದಳು. ಯಾರೂ ಕೇಳದ ರೊಟ್ಟಿಗಳು ಒಂದರ ಮೇಲೊಂದು ಏರುತ್ತಾ ಹೋದವು.

೪ ಜನವರಿ ೨೦೨೬, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಸೊಸೆ ಸ್ನೇಹಲ್‌ಳನ್ನು ಕೂರಿಸಿಕೊಂಡು, ಕಲ್ಯಾಣದ ಹುಡುಗಿಗೆ ಉತ್ತರ ಬರೆ ಎಂದೆ. ಅದು ಮರಾಠಿಯಲ್ಲೇ ಇರಬೇಕು, ಅವಳಿಗೆ ನಾಟಬೇಕು. ನಾನು ಕನ್ನಡದಲ್ಲಿ ಹೇಳುವುದು, ಇವಳು ಮರಾಠಿ ಮಾಡಿ ಒತ್ತುವುದು.

"ಬರಿ. ‘ನೀನು ಯಾರ ಮನೆಯ ಮಗಳೋ ನನಗೆ ಗೊತ್ತಿಲ್ಲ.’"

ಒತ್ತಿದಳು.

"‘ಆದರೆ ನಿನ್ನ ತಾಯಿ ನಿನಗೆ ಉಣ್ಣುವುದನ್ನು ಕಲಿಸಲಿಲ್ಲ.’"

ಹೆಬ್ಬೆರಳು ನಿಂತಿತು. ನಾನು ಮತ್ತೆ ಹೇಳಿದೆ. ಕೇಳಿಸಲಿಲ್ಲವೇನು ಎಂದೆ. ಅವಳು ಫೋನನ್ನು ನೆಲದ ಮೇಲಿಟ್ಟು ನನ್ನನ್ನು ನೇರವಾಗಿ ನೋಡಿದಳು. ನಾಲ್ಕು ವರ್ಷದಲ್ಲಿ ಅವಳು ಹಾಗೆ ನೋಡಿದ್ದು ಮೊದಲು.

"ಆಯಿ, ತೀ ಮುಲಗೀ ಮೀಚ್. ಅದು ನಾನೇ."

ಅವಳು ಮಾತಾಡಿದಳು. ಅರ್ಧ ಕನ್ನಡ, ಅರ್ಧ ಮರಾಠಿ. ಎಲ್ಲವೂ ತಿಳಿಯಿತು.

"ಲಗ್ನ ಆಗಿ ಪಹಿಲಾ ಮಹಿನಾ. ರೋಜ್ ತಾಟದಲ್ಲಿ ಆ ಭಾಕರಿ. ನಾನು ಹಾಗೇ ಕಡಿದೆ. ಒಸಡಿನಿಂದ ರಕ್ತ ಬಂತು. ನೀವು ಎದುರಿಗೇ ಕುಳಿತಿದ್ದಿರಿ ಆಯಿ, ನೋಡತಿದ್ದಿರಿ. ನೀವು ಮುರಿದು ಬೇಳೆಯ ಆಮಟಿಯಲ್ಲಿ ಹಾಕತಿದ್ದಿರಿ, ನನಗೆ ಅನಿಸಿತು ವಯಸ್ಸಾಗಿದೆ, ಹಲ್ಲಿಲ್ಲ, ಅದಕ್ಕೆ. ಯಾರಿಗೆ ಹೇಳಲಿ? ಇವರಿಗೆ ಹೇಳಿದರೆ ನಕ್ಕರು. ಮಾಹೇರಕ್ಕೆ, ತವರಿಗೆ ಹೇಳಿದರೆ ನಮ್ಮ ಆಯಿ ರಡತೀ, ಅಳುತ್ತಾಳೆ. ಅದಕ್ಕೆ ಫೋನಿಗೆ ಹೇಳಿದೆ."

"ಅಳಿಸಿ ಹಾಕಬೇಕಿತ್ತು" ಎಂದೆ.

"ಮರೆತೇ ಹೋಗಿತ್ತು. ನೀವು ಓದಿದ ದಿವಸ ನೆನಪಾಯ್ತು. ಆಮೇಲೆ ನೀವು ರೋಜ್ ನೋಡತಿದ್ದಿರಿ. ಅಳಿಸಿದರೆ ಯಾರು ಅಳಿಸಿದ್ದು ಅಂತ ಕೇಳತಿದ್ದಿರಿ."

ಕೇಳುತ್ತಿದ್ದೆ. ಅದು ನಿಜ.

೫ ಜನವರಿ, ಸೋಮವಾರ

ರೊಟ್ಟಿ ಬಡಿದೆವು. ಹೆಚ್ಚು ಬರೆಯುವುದಿಲ್ಲ.

೭ ಜನವರಿ, ಬುಧವಾರ

ನನಗೆ ಹಲ್ಲಿಲ್ಲವಂತೆ! ಮೂವತ್ತೆರಡರಲ್ಲಿ ಇಪ್ಪತ್ತೊಂಬತ್ತು ಗಟ್ಟಿಯಾಗಿವೆ.

ಆ ತಿಂಗಳು ನನಗೂ ನೆನಪಿದೆ. ಅವಳು ಒಣ ರೊಟ್ಟಿ ಕಡಿಯುವುದನ್ನು ನೋಡಿದ್ದೆ. ಕೇಳಲಿ, ಕೇಳಿದರೆ ಹೇಳೋಣ ಎಂದುಕೊಂಡಿದ್ದೆ. ಬೇರೆ ಜಾತಿ, ಬೇರೆ ಭಾಷೆ, ಮಗ ತಾನೇ ಆರಿಸಿ ತಂದದ್ದು. ಎಷ್ಟು ದಿನ ತಡೆಯುತ್ತಾಳೆ ನೋಡೋಣ ಎಂದೂ ಇತ್ತೇನೋ. ಮನೆ ನಡೆಸುವವಳು ಇಷ್ಟು ಗಟ್ಟಿ ಇರದಿದ್ದರೆ ಮನೆ ನಿಲ್ಲುವುದಿಲ್ಲ. ಇದರಲ್ಲಿ ನನ್ನದೇನೂ ತಪ್ಪಿಲ್ಲ.

ಇವತ್ತು ಯಾಕೋ ಹಳೆಯದೊಂದು ನೆನಪಾಯಿತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಮದುವೆಯಾಗಿ ಇಲ್ಲಿಗೆ ಬಂದ ವರ್ಷ, ಯಜಮಾನರು ನನ್ನನ್ನು ಹೆಂಗಸರ ಡಬ್ಬಿಗೆ ಹತ್ತಿಸಿ, ಡೋಂಬಿವಲಿಯಲ್ಲಿ ಇಳಿ ಎಂದಷ್ಟೇ ಹೇಳಿ ತಾವು ಗಂಡಸರ ಡಬ್ಬಿಗೆ ಹೋದರು. ಊರಲ್ಲಿ ಗಾಡಿ ನಿಂತ ಮೇಲೆ ಎದ್ದರೆ ಸಾಕು. ಇಲ್ಲಿ ಸ್ಟೇಷನ್ನು ಬರುವ ಮೊದಲೇ ಬಾಗಿಲಿಗೆ ಹೋಗಬೇಕೆಂದು ನನಗೆ ಗೊತ್ತಿರಲಿಲ್ಲ. ಗಾಡಿ ನಿಂತಿತು, ನಾನು ಎದ್ದೆ, ಹತ್ತುವವರು ನನ್ನನ್ನು ಒಳಗೇ ತಳ್ಳಿದರು, ಗಾಡಿ ಹೊರಟಿತು. ಕಲ್ಯಾಣದವರೆಗೆ ಅಳುತ್ತ ಹೋದೆ. ಡಬ್ಬಿಯ ತುಂಬ ಹೆಂಗಸರಿದ್ದರು, ಎಲ್ಲರೂ ನೋಡಿದರು. ಮರಳಿ ಬರುವ ಗಾಡಿಯಲ್ಲಿ ಒಬ್ಬ ಮರಾಠಿ ಹೆಂಗಸು, ಕೈಯಲ್ಲಿ ಮೀನಿನ ಬುಟ್ಟಿಯಿದ್ದವಳು, ಒಂದು ಸ್ಟೇಷನ್ನು ಮೊದಲೇ, ಠಾಕುರ್ಲಿ ಬರುತ್ತಲೇ ಭುಜ ಹಿಡಿದು ಎಬ್ಬಿಸಿ ಬಾಗಿಲ ಬಳಿ ನಿಲ್ಲಿಸಿದಳು. ಅವಳ ಮುಖ ಇನ್ನೂ ಕಣ್ಣಮುಂದಿದೆ. ಸುಮ್ಮನೆ ನೋಡಿದವರ ಮುಖ ಒಂದೂ ನೆನಪಿಲ್ಲ.

೮ ಜನವರಿ, ಗುರುವಾರ

ಸಂಜನಾಗೆ ಫೋನು ಮಾಡಿ, ‘ಉಣ್ಣುವುದು ಹೇಗೆ’ ಎನ್ನುವ ಪುಟ ಹಾಕು ಎಂದೆ. ಇದು ವ್ಯಾಪಾರದ ಮಾತು. ಗಿರಾಕಿಗೆ ತಿಳಿಯದಿದ್ದರೆ ತಿಳಿಸಬೇಕು.

"ಅಬ್ಬಾ! ಆಂಟಿ, ಇದನ್ನೇ ನಾನು ನವೆಂಬರಲ್ಲಿ..."

"ಯಾವಾಗ ಹೇಳಿದಿ ಅನ್ನೂದು ಬ್ಯಾಡ. ಹ್ಯಾಂಗ ಮಾಡೂದು ಹೇಳು."

ವಿಡಿಯೊ ಮಾಡಿ ಕಳಿಸಿ, ಕೈಗಳಷ್ಟೇ ಕಂಡರೆ ಸಾಕು ಎಂದಳು.

ಮನೆಯಲ್ಲೇ ಮಾಡಿದೆವು. ಪ್ರಭು ಫೋನು ಹಿಡಿದ. ನಾನು ಹೇಳಿದೆ, ಸ್ನೇಹಲ್ ಮಾಡಿದಳು. ರೊಟ್ಟಿಯನ್ನು ನಾಲ್ಕು ಚೂರು ಮುರಿ. ಬಿಸಿ ಬೇಳೆಯಲ್ಲಿ ಒತ್ತಿ ಬಿಡು, ಅವಸರ ಮಾಡಬೇಡ. ಇಡೀ ರೊಟ್ಟಿಯೇ ಮೆತ್ತಗೆ ಬೇಕಾದರೆ ನೀರು ಚಿಮುಕಿಸಿ ಒದ್ದೆ ಅರಿವೆಯಲ್ಲಿ ಸುತ್ತಿಡು, ಎಣ್ಣೆಗಾಯಿ ಬಡಿಸುವಷ್ಟರಲ್ಲಿ ಬಾಗುತ್ತದೆ. ಗುರೆಳ್ಳು ಚಟ್ನಿಗೆ ಮೊಸರು ಕಲಸಿಕೋ. ಸದ್ದು ಬೇಕೆನ್ನುವವರು ಮಾತ್ರ ಹಾಗೇ ಕಡಿಯಲಿ.

ಅದನ್ನೆಲ್ಲ ಅವಳು ಮರಾಠಿಯಲ್ಲಿ ಹೇಳುತ್ತ ಹೋದಳು. ಆಮೇಲೆ ಬೇಳೆಯಲ್ಲಿ ನೆಂದ ಚೂರನ್ನು ಬಾಯಿಗಿಟ್ಟಳು. ಇನ್ನೊಂದನ್ನು ಇಟ್ಟಳು. ತಟ್ಟೆ ಖಾಲಿಯಾಯಿತು.

"ಆಯಿ, ಇತಕಂ ಸೋಪಂ ಹೋತಂ?" ಎಂದಳು. ಇಷ್ಟು ಸುಲಭವಿತ್ತೇ ಎಂದು.

ನಾನು ಬದನೆಕಾಯಿ ನೋಡಲು ಒಳಗೆ ಹೋದೆ. ಬದನೆಕಾಯಿ ಆಗಲೇ ಬೆಂದಿತ್ತು. ಹೊರಗೆ ಬರುವಾಗ ಇನ್ನೊಂದು ರೊಟ್ಟಿ ತಂದು ಅವಳ ತಟ್ಟೆಗೆ ಹಾಕಿದೆ. ಪ್ರಭು ಇನ್ನೂ ಫೋನು ಹಿಡಿದೇ ನಿಂತಿದ್ದ. ಸಾಕು ಬಂದ್ ಮಾಡೋ ಎಂದು ಗದರಿಸಿದೆ.

೧೩ ಜನವರಿ, ಮಂಗಳವಾರ, ಭೋಗಿ

ಬೆಳಗಿನಿಂದ ಕುಳಿತವಳಲ್ಲ.

ಇಲ್ಲಿಯ ಮರಾಠಿ ಮನೆಗಳಲ್ಲೂ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆಯ ಭಾಕರಿಯೇ ಆಗಬೇಕು. ನಮಗೂ ಅದೇ. ಇಷ್ಟು ವರ್ಷ ಇದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ವೆಬ್‌ಸೈಟಿನಲ್ಲಿ ಮೊದಲ ಸಾಲಿಗೆ ಅದನ್ನು ಹಾಕಿಸಿದವಳು ಸ್ನೇಹಲ್. ಡೋಂಬಿವಲಿ, ಕಲ್ಯಾಣ, ಠಾಣೆ ಎಲ್ಲ ಕಡೆಯಿಂದ ಕೇಳಿದರು. ಮರಗಮ್ಮ ತನ್ನ ತಂಗಿಯನ್ನೂ ಕರೆತಂದಳು. "ಚಪಾತಿ ಮಷಿನ್ನಿಗೆ ಎಳ್ಳು ಹಚ್ಚಾಕ ಬರತೈತೇನ್ರಿ ಅಕ್ಕಾರ?" ಎಂದು ಹಂಚಿನ ಹಿಂದಿನಿಂದ ಕೂಗಿದಳು.

ಸಾನಪಾಡಾದ ಲೀಲಾಧರ ಖುದ್ದಾಗಿ ಬಂದಿದ್ದ. ವಿಡಿಯೊ ನೋಡಿ, ಡಬ್ಬಿಯಲ್ಲಿ ಉಳಿದಿದ್ದ ಒಂದು ರೊಟ್ಟಿಯನ್ನು ನೀರು ಚಿಮುಕಿಸಿ ತಿಂದನಂತೆ. ಒಂದು ತಿಂಗಳಾದರೂ ಕೆಟ್ಟಿರಲಿಲ್ಲ ಎಂದ. ಹಾಗೆಂದು ಬರೆದಿದ್ದೆನಲ್ಲ ಎಂದೆ. ಇನ್ನೆರಡು ಕಟ್ಟು ಒಯ್ದ.

ಚುಕ್ಕಿ ಮೂರರ ಮೇಲೆ ಹತ್ತಿದೆ. ಪ್ರಭು ಕರಾರಿನ ಕಾಗದ ತಂದಿದ್ದ. ಇನ್ನು ಹನ್ನೊಂದು ತಿಂಗಳು. "ಅವ್ವಾ, ವಿಚಾರ ಮಾಡಿ ಹಾಕು" ಎಂದ. ವಿಚಾರ ಮಾಡುವುದೇನೂ ಇರಲಿಲ್ಲ. ನೀಲಗಂಗಾ ಎಂದು ಕನ್ನಡದಲ್ಲಿ ಸಹಿ ಹಾಕಿದೆ. ಬೋರ್ಡಿನ ಮೇಲೂ ವೆಬ್‌ಸೈಟಿನ ಮೇಲೂ ಖಡಕ್ ರೊಟ್ಟಿ ಖಡಕ್ ರೊಟ್ಟಿಯಾಗಿಯೇ ಇದೆ.

ಸಂಜೆ ಸ್ನೇಹಲ್ ಫೋನು ಹಿಡಿದು ಬಂದಳು. "ಆಯಿ, ಆ ನನ್ನದು ಅಳಿಸುತ್ತೇನೆ. ಇಲ್ಲಾಂದ್ರೆ ಪಾಚ್ ಸ್ಟಾರ್ ಮಾಡತೇ."

"ಬ್ಯಾಡ. ಇರಲಿ."

ಅದರ ಕೆಳಗೆ ನಾನೇ ಉತ್ತರ ಬರೆದೆ. ಈ ಸಲ ಮಾತಾಡಿ ಬರೆಸಲಿಲ್ಲ, ಒಂದೊಂದೇ ಅಕ್ಷರ ಒತ್ತಿದೆ.

‘ರೊಟ್ಟಿ ಶಿಳೀ ಅಲ್ಲ, ಖಡಕ್. ಉಣ್ಣುವುದು ಹೇಗೆಂದು ಈ ಹುಡುಗಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದವಳು ಎದುರಿಗೇ ಕುಳಿತಿದ್ದಳು. ನೀಲಗಂಗಾ, ಅಂಗಡಿಯ ಒಡತಿ.’

ಸ್ನೇಹಲ್ ಎರಡು ಸಲ ಓದಿದಳು. "ಮರಾಠೀತ್ ಪಣ್ ಟಾಕೂ?" ಎಂದಳು. ಮರಾಠಿಯಲ್ಲೂ ಹಾಕಲೇ ಎಂದು.

"ಹಾಕು. ಮಂದಿಗೆ ತಿಳೀಲಿ."

"ಆಣಿ ಸ್ಟಾರ್?"

ಒಂದೇ ಇರಲಿ ಎಂದೆ. ಅವತ್ತಿನ ಊಟಕ್ಕೆ ಅಷ್ಟೇ ಸರಿ.